ತಕೂಬಾ ಕತ್ತಿಯಲ್ಲಿ ಓಡುವ ತೋಳದ ಮುದ್ರೆ: ಅಲಗು ಯುರೋಪಿನದು ಎನ್ನಲು ಇಷ್ಟು ಸಾಕೇ?

ರೋನ್‌ತೀರದವನು:
ಎಲ್ಲರಿಗೂ ನಮಸ್ಕಾರ. ಲಿಯೋನ್ ನಗರದ ಹಳೆಯ ಸಾಮಾನುಗಳ ಸಂತೆಯಲ್ಲಿ ಒಂದು ತುವಾರೆಗ್ ಕತ್ತಿ ಕೊಂಡಿದ್ದೇನೆ. ಸಹಾರಾದ ಆ ಜನ ಇದನ್ನು ತಕೂಬಾ ಎನ್ನುತ್ತಾರೆ. ಮಾರಿದವರ ಅಜ್ಜ ಫ್ರೆಂಚ್ ಸೈನ್ಯದಲ್ಲಿದ್ದು ಅಲ್ಜೀರಿಯಾದ ತಮನ್‌ರಾಸೆಟ್ ಕಡೆಯಿಂದ ತಂದಿದ್ದರಂತೆ. ನೇರವಾದ ಇಬ್ಬಾಯಿ ಅಲಗು, ಉದ್ದ 79 ಸೆಂ.ಮೀ. ತುದಿ ಚೂಪಾಗಿಲ್ಲ, ದುಂಡಗಿದೆ. ನಡುವೆ ಮೂರು ಸಣ್ಣ ತೋಡುಗಳು ಅಲಗಿನ ಮುಕ್ಕಾಲು ಭಾಗದವರೆಗೆ ಹೋಗಿವೆ. ಹಿಡಿಗೆ ಚರ್ಮ ಮತ್ತು ಹಿತ್ತಾಳೆಯ ಹೊದಿಕೆ, ಒರೆ ಕೆಂಪು ಚರ್ಮದ್ದು.

ಹಿಡಿಯಿಂದ ನಾಲ್ಕು ಬೆರಳು ಕೆಳಗೆ, ತೋಡುಗಳ ಆಚೆಗೊಂದು ಈಚೆಗೊಂದು ಅರ್ಧಚಂದ್ರವಿದೆ. ಅದರ ಕೆಳಗೆ ನಾಲ್ಕು ಕಾಲಿನ ಪ್ರಾಣಿಯೊಂದನ್ನು ಗೀರುಗಳಿಂದ ಕೆತ್ತಿದ್ದಾರೆ. ಇದು ಜರ್ಮನಿಯ ಪಸಾವ್ ಪಟ್ಟಣದ ಓಡುವ ತೋಳ, ಅಲಗು 1500ರ ಸುಮಾರಿನದು ಎಂದು ಮಾರಿದವರು ಹೇಳಿದರು. ಈ ಮುದ್ರೆಯನ್ನು ನಂಬಬಹುದೇ? ಬಲ್ಲವರು ತಿಳಿಸಬೇಕು.

ಪ್ರಶ್ನೆಗಾರ:
ಬೆಲೆ ಎಷ್ಟು ಕೊಟ್ಟಿರಿ?

ರೋನ್‌ತೀರದವನು:
ಬೆಲೆಯ ಮಾತು ಬೇಡ ಸರ್. ವಸ್ತು ಏನೆಂದು ತಿಳಿದರೆ ಸಾಕು.

ಶಸ್ತ್ರಶಾಲೆ:
ತೋಳದ ಮುದ್ರೆ ನೋಡಿ 1500 ಎಂದು ಹೇಳುವುದು ಮಾರುವವರ ಹಳೆಯ ಚಾಳಿ. ಆ ಮುದ್ರೆಯ ಚರಿತ್ರೆಯನ್ನು ಸ್ವಲ್ಪ ನೋಡೋಣ. ಪಸಾವ್‌ನ ಕಮ್ಮಾರರಿಗೆ ಡ್ಯೂಕ್ ಆಲ್ಬ್ರೆಕ್ಟ್ 1340ರಲ್ಲಿ ಈ ಮುದ್ರೆಯನ್ನು ಕೊಟ್ಟನೆಂಬ ಮಾತು ಪ್ರಚಾರದಲ್ಲಿದೆ. ಆದರೆ ಅದಕ್ಕಿಂತ ಹಿಂದಿನ, 13ನೆಯ ಶತಮಾನದ ಅಲಗುಗಳಲ್ಲೇ ತೋಳ ಕಾಣಿಸುತ್ತದೆ. ಮುಂದೆ ಜರ್ಮನಿಯದೇ ಇನ್ನೊಂದು ಕತ್ತಿ ಕಮ್ಮಾರರ ಊರಾದ ಜೋಲಿಂಗನ್‌ನವರೂ ಅದನ್ನೇ ಹೊಡೆಯತೊಡಗಿದರು. ಒಳ್ಳೆಯ ಅಲಗಿನ ಗುರುತೆಂದು ಅದು ಹೆಸರಾದ ಮೇಲೆ ಯಾರು ಬೇಕಾದರೂ ಕೆತ್ತಿಕೊಂಡರು. ಕಾಕಸಸ್ ಪರ್ವತದ ಕಮ್ಮಾರರೂ ಕೆತ್ತಿದರು, ಸಹಾರಾದವರೂ ಕೆತ್ತಿದರು. ಹಾಗಾಗಿ ತೋಳ ಇದೆ ಎಂಬುದರಿಂದ ಊರೂ ತಿಳಿಯುವುದಿಲ್ಲ, ಕಾಲವೂ ತಿಳಿಯುವುದಿಲ್ಲ.

ನೋಡಬೇಕಾದದ್ದು ತೋಳವನ್ನು ಹೇಗೆ ಕೆತ್ತಿದ್ದಾರೆ ಎಂಬುದನ್ನು. ಹಳೆಯ ಯುರೋಪಿನ ಅಲಗುಗಳಲ್ಲಿ ನಾಲ್ಕಾರು ಬೀಸು ಉಳಿಯೇಟಿನಲ್ಲಿ ತೋಳ ಮೂಡಿ, ಆ ಗೀರುಗಳೊಳಗೆ ಹಿತ್ತಾಳೆ ಅಥವಾ ತಾಮ್ರದ ತಂತಿ ಬಡಿದು ತುಂಬಿಸಿರುವುದು ಹೆಚ್ಚು. ನಿಮ್ಮದರಲ್ಲಿ ಹಳದಿ ಲೋಹದ ಚೂರಾದರೂ ಇದೆಯೇ?

ರೋನ್‌ತೀರದವನು:
ಭೂತಗನ್ನಡಿ ಹಿಡಿದು ನೋಡಿದೆ. ಗೀರುಗಳಲ್ಲಿ ಏನೂ ಇಲ್ಲ. ತಳ ಬರಿದಾಗಿದೆ, ಸ್ವಲ್ಪ ಹೊಳಪೂ ಇದೆ.

ಬೆಳಗಾವಿಮಿತ್ರ:
ಹಳದಿ ಲೋಹ ಇಲ್ಲದಿದ್ದರೆ ಯುರೋಪಿನದಲ್ಲ ಎನ್ನಲಾಗದು ಮೇಡಂ. ಉದುರಿ ಹೋಗಿರಬಹುದು. ನಮ್ಮ ದಖ್ಖನ್ನಿನ ಫಿರಂಗಿ ಕತ್ತಿಗಳನ್ನೇ ನೋಡಿ. ಮರಾಠರ, ಆದಿಲ್‌ಶಾಹಿಗಳ ಕಾಲದ ಎಷ್ಟೋ ನೇರ ಅಲಗುಗಳು ಯುರೋಪಿನಿಂದ ಪಶ್ಚಿಮ ಕರಾವಳಿಯ ಬಂದರುಗಳಿಗೆ ಬಂದು ಇಲ್ಲಿನ ಹಿಡಿಗಳೊಳಗೆ ಕೂತವು. ಅವುಗಳಲ್ಲೂ ಹಲ್ಲುಗಳುಳ್ಳ ಕುಡುಗೋಲಿನಂಥ ಜೋಡಿ ಅರ್ಧಚಂದ್ರಗಳಿವೆ. ಮೂಲ ಇಟಲಿಯ ಜಿನೋವಾದ್ದು, ಆಸ್ಟ್ರಿಯಾದ ಸ್ಟೈರಿಯಾದಲ್ಲೂ ಹೊಡೆದರು. ಚಂದ್ರನೂ ತೋಳವೂ ಒಂದೇ ಅಲಗಿನಲ್ಲಿ ಕೂಡಿ ಬಂದಿರುವಾಗ ನಾನಾದರೆ ಯುರೋಪಿನ ಕಡೆಗೇ ವಾಲುತ್ತೇನೆ.

ಶಸ್ತ್ರಶಾಲೆ:
ಎರಡು ಮುದ್ರೆ ಕೂಡಿ ಬಂದಿದ್ದಕ್ಕೇ ನನಗೆ ಅನುಮಾನ ಹೆಚ್ಚು. ಫಿರಂಗಿ ಅಲಗುಗಳಲ್ಲಿ ಇರುವ ತೊಡಕೂ ಇದೇ ತಾನೇ? ಇಲ್ಲಿಯವರೂ ಅದೇ ಕುಡುಗೋಲು ಚಂದ್ರವನ್ನು ಇಲ್ಲಿನ ಅಲಗಿಗೆ ಹೊಡೆದರು. ಯುರೋಪಿನವರೇ ಯುರೋಪಿನವರ ಹೆಸರು ಕದ್ದರು. ಜೋಲಿಂಗನ್‌ನಲ್ಲಿ ಹುಟ್ಟಿದ ಅಲಗಿಗೆ ‘ಆಂಡ್ರಿಯಾ ಫೆರಾರಾ’ ಎಂಬ ಇಟಲಿಯ ಹೆಸರು, ಸ್ಪೇನಿನ ಟೊಲೆಡೊದ ಉಸ್ತಾದರ ಹೆಸರು, ಏನು ಮಾರಾಟವಾಗುತ್ತದೋ ಅದನ್ನು ಕೆತ್ತಿದರು. ಮುದ್ರೆ ಎನ್ನುವುದು ಅಂಗಡಿಯ ಫಲಕದ ಹಾಗೆ, ಯಾರು ಬೇಕಾದರೂ ಬರೆಸಿ ತೂಗುಹಾಕಬಹುದು. ಸಾಕ್ಷಿ ಇರುವುದು ಅಲಗಿನ ಮೈಯಲ್ಲಿ. ಮುದ್ರೆಯನ್ನು ಕಡೆಗೆ ನೋಡಬೇಕು.

ಕುಲುಮೆಬೆಂಕಿ:
ಮೇಡಂ ಹೇಳಿದ ಕಡೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ. ನಮ್ಮದು ಕಮ್ಮಾರಿಕೆಯ ಮನೆ, ಈಗ ನಾನು ಲೇತ್ ಯಂತ್ರದ ಕೆಲಸದಲ್ಲಿದ್ದೇನೆ. ಕೈಕೆಲಸಕ್ಕೂ ಸಾಣೆಯ ಕೆಲಸಕ್ಕೂ ಇರುವ ಭೇದವನ್ನು ಹೇಳುತ್ತೇನೆ, ನೀವೇ ನೋಡಿಕೊಳ್ಳಿ.

ಮೊದಲು ತೋಡು. ಜೋಲಿಂಗನ್‌ನಲ್ಲಿ ವುಪ್ಪರ್ ನದಿಯ ಕಡೆ ನೀರಿನ ಬಲದಿಂದ ತಿರುಗುವ ಸಾಣೆಕಲ್ಲುಗಳಿದ್ದವು. ಕಲ್ಲಿನ ಅಂಚಿಗೆ ಅಲಗನ್ನು ಒತ್ತಿ ತೋಡು ತೆಗೆದರೆ ಅಗಲ ಆರಂಭದಿಂದ ಕೊನೆಯವರೆಗೆ ಒಂದೇ ಸಮ ಇರುತ್ತದೆ, ತಳ ನುಣುಪಾಗಿರುತ್ತದೆ, ಮೂರು ತೋಡುಗಳ ನಡುವಿನ ಏಣುಗಳು ನೂಲು ಹಿಡಿದಂತೆ ಸಾಲಾಗಿರುತ್ತವೆ. ಅರದಿಂದಲೋ ಹೆರೆಯುವ ಉಳಿಯಿಂದಲೋ ಕೈಯಲ್ಲಿ ತೆಗೆದ ತೋಡು ಅಲ್ಲಲ್ಲಿ ಅಗಲವಾಗಿ, ಅಲ್ಲಲ್ಲಿ ಕಿರಿದಾಗಿ, ಕೊನೆಗೆ ಬರುವಷ್ಟರಲ್ಲಿ ಒಂದು ಮುಂದೆ ಒಂದು ಹಿಂದೆ ನಿಲ್ಲುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ತಳದಲ್ಲಿ ಸಣ್ಣ ಅಲೆಗಳು ಕಾಣುತ್ತವೆ.

ಎರಡನೆಯದು ದಪ್ಪ. ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಹಿಡಿಯ ಹತ್ತಿರ, ನಡುವೆ, ತುದಿಯ ಹತ್ತಿರ ಅಳೆಯಿರಿ. ಪಳಗಿದ ಕೈಯ ಹಳೆಯ ಯುರೋಪಿನ ಅಲಗು ತುದಿಗೆ ಹೋಗುತ್ತ ಕ್ರಮವಾಗಿ ತೆಳುವಾಗುತ್ತದೆ. ತಗಡಿನಿಂದ ಕತ್ತರಿಸಿದ್ದರೆ ಎಲ್ಲೆಡೆ ಒಂದೇ ದಪ್ಪ ಇರುತ್ತದೆ.

ಪ್ರಶ್ನೆಗಾರ:
ಮೊಣಕಾಲಿನ ಮೇಲೆ ಬಾಗಿಸಿ ನೋಡಿದರೆ ಗೊತ್ತಾಗುತ್ತದಲ್ಲ. ಯುರೋಪಿನದಾದರೆ ಚಿಮ್ಮಿ ನೇರವಾಗುತ್ತದೆ, ಕಚ್ಚಾ ಕಬ್ಬಿಣವಾದರೆ ಬಾಗಿದ ಹಾಗೇ ಉಳಿಯುತ್ತದೆ.

ಕುಲುಮೆಬೆಂಕಿ:
ದಯವಿಟ್ಟು ಹಾಗೆ ಮಾಡಬೇಡಿ! ಹಳೆಯ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರುತ್ತದೆ, ಹಿಡಿಯ ಬಳಿ ತುಕ್ಕು ತಿಂದಿರುತ್ತದೆ. ಒಮ್ಮೆ ಮುರಿದರೆ ಮುಗಿಯಿತು. ಅಂಗೈಯಿಂದ ತುದಿಯನ್ನು ಮೆಲ್ಲನೆ ಒಂದು ಬೆರಳಷ್ಟು ಸರಿಸಿ ಬಿಟ್ಟರೆ ಅಲಗು ನಡುಗುವ ರೀತಿಯಲ್ಲೇ ಹದ ತಿಳಿಯುತ್ತದೆ. ಇನ್ನೊಂದು ವಿಷಯ: ಚಿಮ್ಮಿದ ಮಾತ್ರಕ್ಕೆ ಯುರೋಪಿನದು ಎನ್ನುವುದೂ ತಪ್ಪು. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿ ಸರಿಯಾಗಿ ಹದ ಕೊಟ್ಟ ಅಲಗೂ ಚಿಮ್ಮುತ್ತದೆ.

ತೆನೆರೆಗಾಳಿ:
ಲಾರಿ ಪಟ್ಟಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು ನೈಜರ್ ದೇಶದಲ್ಲಿ, ಅಗಾದೆಜ್ ಸುತ್ತಮುತ್ತ ನೀರಿನ ಪಂಪುಗಳ ಕೆಲಸದಲ್ಲಿದ್ದವನು. ಅಲ್ಲಿನ ಕಮ್ಮಾರರನ್ನು ಇನಾದನ್ ಎನ್ನುತ್ತಾರೆ. ಅವರದೇ ಒಂದು ಪಂಗಡ, ಹೊರಗಿನವರಿಗೆ ತಿಳಿಯದ ‘ತೆನೆತ್’ ಎಂಬ ಗುಟ್ಟಿನ ಭಾಷೆಯೂ ಅವರಿಗಿದೆ. ಗಂಡಸರು ಲೋಹ, ಮರದ ಕೆಲಸ ಮಾಡಿದರೆ ಅವರ ಮನೆಯ ಹೆಂಗಸರು ಚರ್ಮದ ಕೆಲಸ ಮಾಡುತ್ತಾರೆ. ನಿಮ್ಮ ಕತ್ತಿಯ ಕೆಂಪು ಒರೆ ಬಹುಶಃ ಒಬ್ಬ ಹೆಂಗಸಿನ ಕೈಯದು, ಅದನ್ನೂ ಒಮ್ಮೆ ಗಮನವಿಟ್ಟು ನೋಡಿ.

ಒಬ್ಬ ಹಿರಿಯರು ಅಲಗಿಗೆ ತೋಡು ತೆಗೆಯುವುದನ್ನು ಎದುರಿಗೇ ಕೂತು ನೋಡಿದ್ದೇನೆ. ನೆಲದ ಮೇಲೆ ಕುಳಿತು, ಅಲಗಿನ ಒಂದು ತುದಿಯನ್ನು ಪಾದದಡಿ ಒತ್ತಿ ಹಿಡಿದು, ಎರಡೂ ಕೈಯಿಂದ ಉಳಿಯನ್ನು ತಮ್ಮ ಕಡೆಗೆ ಎಳೆಯುತ್ತಿದ್ದರು. ಪ್ರತಿ ಎಳೆತಕ್ಕೂ ಕೂದಲೆಳೆಯಂಥ ಕಬ್ಬಿಣದ ಸುರುಳಿ ಏಳುತ್ತಿತ್ತು. ಗೆರೆ ಎಳೆದುಕೊಂಡಿರಲಿಲ್ಲ, ಹೆಬ್ಬೆರಳ ಉಗುರನ್ನು ಅಂಚಿಗೆ ಆನಿಸಿ ಅದರ ಅಳತೆಯಲ್ಲೇ ಸಾಗುತ್ತಿದ್ದರು. ಆ ತೋಡು ನೂಲಿನಷ್ಟು ನೇರ ಇರಲಿಲ್ಲ ನಿಜ, ಆದರೆ ಆ ಅಲಗನ್ನು ಯಾರಾದರೂ ‘ನಕಲಿ’ ಎಂದರೆ ನಾನು ಒಪ್ಪುವುದಿಲ್ಲ. ಸಂಗ್ರಾಹಕರು ಯುರೋಪಿನ ಅಲಗಿದ್ದರೆ ಅಸಲಿ, ಇಲ್ಲದಿದ್ದರೆ ಅಗ್ಗದ್ದು ಎಂಬಂತೆ ಮಾತಾಡುತ್ತಾರೆ. ಕತ್ತಿ ತುವಾರೆಗರದು. ಅವರ ಕಮ್ಮಾರನೇ ಮಾಡಿದ ಅಲಗು ಎರಡನೆಯ ದರ್ಜೆ ಹೇಗಾಗುತ್ತದೆ?

ಬೆಳಗಾವಿಮಿತ್ರ:
ನಿಮ್ಮ ಕಳಕಳಿ ಅರ್ಥವಾಗುತ್ತದೆ ಸರ್. ಆದರೆ ಆ ದರ್ಜೆಯನ್ನು ಕಟ್ಟಿದವರು ಸಂಗ್ರಾಹಕರಷ್ಟೇ ಅಲ್ಲ. ತುವಾರೆಗರೇ ಹಳೆಯ ಹೊರನಾಡಿನ ಅಲಗುಗಳಿಗೆ ಹೆಚ್ಚು ಮರ್ಯಾದೆ ಕೊಡುತ್ತಿದ್ದರು. ತಂದೆಯಿಂದ ಮಗನಿಗೆ ಅಲಗು ಬರುತ್ತಿತ್ತು, ಹಿಡಿ ಸವೆದರೆ ಹೊಸ ಹಿಡಿ ಹಾಕಿಸುತ್ತಿದ್ದರು. ಮುರಿದರೆ ತುಂಡನ್ನೂ ಬಿಸಾಡದೆ ಮುಂದೋಳಿಗೆ ಕಟ್ಟುವ ‘ತೆಲೆಕ್’ ಬಾಕುವನ್ನಾಗಿ ಮಾಡಿಕೊಳ್ಳುತ್ತಿದ್ದರು. ಅಂಥ ಮರ್ಯಾದೆ ಇದ್ದದ್ದರಿಂದಲೇ ಅಲ್ಲಿನ ಕಮ್ಮಾರ ತೋಳವನ್ನೂ ಚಂದ್ರನನ್ನೂ ನಕಲು ಮಾಡಿದ್ದು.

ತೆನೆರೆಗಾಳಿ:
ನಕಲು ಎಂದೇ ಏಕೆ ಹೇಳಬೇಕು? ಅರ್ಧಚಂದ್ರ ಅವರ ನಾಡಿಗೆ ಬಂದ ಮೇಲೆ ಅವರದೇ ಗುರುತಾಯಿತು. ಅದು ಇದ್ದರೆ ಅಲಗು ಒಳ್ಳೆಯದು ಎಂಬ ನಂಬಿಕೆ ಬೆಳೆಯಿತು. ಪೂರ್ವದ ಸುಡಾನಿನ ಕಸ್ಕಾರಾ ಕತ್ತಿಗಳಲ್ಲೂ ಇದೇ ಕಥೆ.

ಮೂಡಣದವಳು:
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಇದು ನಮ್ಮ ಉಕ್ಕು ಆಗಿರಲು ಸಾಧ್ಯವಿಲ್ಲವೇ? ದಕ್ಷಿಣ ಭಾರತದ ಮೂಸೆ ಉಕ್ಕು ಅರಬರ ನಾಡಿಗೆ ಹೋಗುತ್ತಿತ್ತಲ್ಲ.

ಕುಲುಮೆಬೆಂಕಿ:
ಹೋಗುತ್ತಿತ್ತು ಅಕ್ಕಾ, ಆದರೆ ಇದು ಅದಲ್ಲ. ಮೂಸೆ ಉಕ್ಕಿನ ಅಲಗಿನ ಮೇಲೆ ನೀರಿನ ಅಲೆಯಂಥ ಚಿತ್ತಾರ ಕಾಣುತ್ತದೆ, ಅದು ಹೆಚ್ಚಾಗಿ ಪರ್ಷಿಯಾ, ಭಾರತದ ಬಾಗಿದ ಕತ್ತಿಗಳಲ್ಲಿ ಸಿಗುತ್ತದೆ. ತಕೂಬಾಗಳಲ್ಲಿ ಸಿಗುವುದು ಯುರೋಪಿನ ಉಕ್ಕು, ಅಲ್ಲಿಯದೇ ಕುಲುಮೆಯ ಕಬ್ಬಿಣ, ಈಚಿನದಾದರೆ ಮೋಟಾರಿನ ಉಕ್ಕು.

ಹಳೇನಾಣ್ಯ:
ಅಲಗುಗಳು ಮರಳುಗಾಡಿಗೆ ಹೇಗೆ ಬಂದವು ಎಂಬುದನ್ನು ಯಾರೂ ಬರೆಯಲಿಲ್ಲ. ಕಾಲ ನಿರ್ಧರಿಸಲು ಅದೇ ಮುಖ್ಯ.

ಕ್ರೈಸ್ತ ನಾಡುಗಳಿಂದ ಮುಸ್ಲಿಮರಿಗೆ ಆಯುಧ, ಕಬ್ಬಿಣ, ಹಡಗಿನ ಮರ ಮಾರಬಾರದು ಎಂದು 1179ರ ಮೂರನೆಯ ಲ್ಯಾಟೆರನ್ ಸಭೆಯಲ್ಲೇ ಚರ್ಚ್ ಕಟ್ಟಪ್ಪಣೆ ಮಾಡಿತ್ತು. ಅಪ್ಪಣೆ ಮಾಡಬೇಕಾಗಿ ಬಂತು ಎಂದರೆ ವ್ಯಾಪಾರ ಜೋರಾಗಿತ್ತು ಎಂದೇ ಅರ್ಥ. ಮುಂದೆ ಲಿಬಿಯಾದ ಟ್ರಿಪೋಲಿಯಿಂದ ಮುರ್ಝುಕ್, ಘಾತ್, ಅಗಾದೆಜ್ ದಾಟಿ ಈಗಿನ ನೈಜೀರಿಯಾದ ಕಾನೋವರೆಗೆ ಒಂಟೆಗಳ ಸಾಲು ಹೋಗುತ್ತಿತ್ತು. ಜರ್ಮನ್ ಪ್ರವಾಸಿ ಹೈನ್ರಿಖ್ ಬಾರ್ತ್ 1851ರಲ್ಲಿ ಕಾನೋದಲ್ಲಿದ್ದ. ಜೋಲಿಂಗನ್‌ನ ಅಲಗುಗಳು ವರ್ಷಕ್ಕೆ ಸುಮಾರು 50,000 ಅಲ್ಲಿಗೆ ಬರುತ್ತವೆ, ಊರಿನ ಕಮ್ಮಾರರು ಅವಕ್ಕೆ ಹಿಡಿ ಕಟ್ಟಿ ಸುತ್ತಲ ನಾಡುಗಳಿಗೆ ಮಾರುತ್ತಾರೆ ಎಂದು ಬರೆದಿದ್ದಾನೆ. ಬೆಲೆಯನ್ನು ಕವಡೆಯಲ್ಲಿ ಲೆಕ್ಕ ಹಾಕಿದ್ದಾನೆ, ಅಲ್ಲಿ ಆಗ ಕವಡೆಯೇ ಚಲಾವಣೆಯ ಹಣ.

ಆದ್ದರಿಂದ ತಕೂಬಾದಲ್ಲಿ ಯುರೋಪಿನ ಅಲಗು ಸಿಕ್ಕರೆ ಅದು ಮಧ್ಯಯುಗದ ವೀರನದು ಆಗಿರುವುದಕ್ಕಿಂತ 18, 19ನೆಯ ಶತಮಾನಗಳಲ್ಲಿ ಆಫ್ರಿಕಾಕ್ಕೆಂದೇ ಮಾಡಿ ಕಳುಹಿಸಿದ ವ್ಯಾಪಾರದ ಸರಕಾಗಿರುವ ಸಂಭವವೇ ಹೆಚ್ಚು.

ಪ್ರಶ್ನೆಗಾರ:
50,000 ಎನ್ನುವುದು ಅತಿಯಾಯಿತು. ಒಬ್ಬ ದಾರಿಹೋಕ ಎಣಿಸಿದನೇ?

ಹಳೇನಾಣ್ಯ:
ಎಣಿಸಿದ್ದಲ್ಲ, ಅಂದಾಜು. ಆದರೆ ಬಾರ್ತ್ ಬರೀ ದಾರಿಹೋಕನಲ್ಲ. ಅರಬ್ಬಿ ಬಲ್ಲವನು, ಕಾನೋದ ಒಂದೊಂದು ಸರಕನ್ನೂ ಹೆಸರಿಸಿ ಲೆಕ್ಕ ಬರೆದವನು. ಅರ್ಧಕ್ಕೆ ಇಳಿಸಿಕೊಂಡರೂ ಆ ವ್ಯಾಪಾರ ದೊಡ್ಡದೇ.

ರೋನ್‌ತೀರದವನು:
ಎಲ್ಲರಿಗೂ ಧನ್ಯವಾದ. ಕುಲುಮೆಬೆಂಕಿ ಅವರು ಹೇಳಿದಂತೆ ಅಳೆದೆ. ದಪ್ಪ ಹಿಡಿಯ ಹತ್ತಿರ 4.8 ಮಿ.ಮೀ., ನಡುವೆ 3.4, ತುದಿಗೆ ಒಂದು ಗೇಣು ಇರುವಾಗ 2.2. ಮೂರು ತೋಡುಗಳೂ ಒಂದೇ ಅಗಲ, ಎರಡೂ ಬದಿಯಲ್ಲಿ ಒಂದೇ ಮಟ್ಟದಲ್ಲಿ ಕೊನೆಯಾಗುತ್ತವೆ. ಓರೆ ಬೆಳಕಿನಲ್ಲಿ ಅಲೆ ಕಾಣಲಿಲ್ಲ. ತುದಿಯನ್ನು ಸ್ವಲ್ಪ ಸರಿಸಿ ಬಿಟ್ಟರೆ ತಟ್ಟನೆ ಹಿಂದಕ್ಕೆ ಬಂದು ನಡುಗುತ್ತದೆ.

ಆದರೆ ತೋಳ ಒಂದೇ ಬದಿಯಲ್ಲಿದೆ. ಅದರ ಒಂದು ಕಾಲು ಪಕ್ಕದ ತೋಡಿನ ಏಣಿನ ಮೇಲೆ ಹತ್ತಿದೆ. ಅಲಗಿನ ಮೇಲೆಲ್ಲ ಕಪ್ಪು ತುಕ್ಕಿನ ಸಣ್ಣ ಗುಳಿಗಳಿವೆ, ತೋಳದ ಗೀರುಗಳು ಆ ಗುಳಿಗಳನ್ನು ಕತ್ತರಿಸಿಕೊಂಡು ಹೋಗಿವೆ. ಚಂದ್ರಗಳಿಗೆ ಕಣ್ಣು ಮೂಗು ಇಲ್ಲ, ಬರೀ ಬಾಗಿದ ಗೆರೆಗಳು.

ಶಸ್ತ್ರಶಾಲೆ:
ಇದು ಒಳ್ಳೆಯ ವರದಿ! ಗುಳಿಯನ್ನು ಗೀರು ಕತ್ತರಿಸಿದೆ ಎಂದರೆ ಮೊದಲು ತುಕ್ಕು, ಆಮೇಲೆ ತೋಳ. ಅಲಗು ಹಳತಾಗಿ ಎಷ್ಟೋ ಕಾಲದ ನಂತರ ಯಾರೋ ತೋಳವನ್ನು ಕೆತ್ತಿದ್ದಾರೆ. ತಳ ಹೊಳೆಯುತ್ತಿದೆ ಎಂದು ನೀವು ಮೊದಲು ಬರೆದದ್ದೂ ಇದಕ್ಕೆ ಹೊಂದುತ್ತದೆ. ಯುರೋಪಿನ ಚಂದ್ರಗಳಲ್ಲಿ ಪಕ್ಕಕ್ಕೆ ತಿರುಗಿದ ಮನುಷ್ಯನ ಮುಖ ಇರುವುದು ಸಾಮಾನ್ಯ, ನಿಮ್ಮವು ಸ್ಥಳೀಯ ಕೈಯವು ಎಂದೇ ತೋರುತ್ತದೆ.

ಕುಲುಮೆಬೆಂಕಿ:
ಮುದ್ರೆ ಸ್ಥಳೀಯ, ಅಲಗು ಪರದೇಶದ್ದು. ಆ ದಪ್ಪದ ಇಳಿತವನ್ನೂ ಆ ತೋಡುಗಳನ್ನೂ ನೋಡಿದರೆ ಸಾಣೆಕಲ್ಲಿನ ಕೆಲಸ ಎನ್ನಲು ನನಗೆ ಹಿಂಜರಿಕೆ ಇಲ್ಲ. ಮಾರಿದವರು ಯಾವುದನ್ನು ಸಾಕ್ಷಿ ಎಂದರೋ ಅದೇ ಸುಳ್ಳು, ಯಾವುದನ್ನು ನೋಡಲೇ ಇಲ್ಲವೋ ಅದು ನಿಜ.

ಪ್ರಶ್ನೆಗಾರ:
ಯುರೋಪಿನದೇ ಆಗಿದ್ದರೆ ಮತ್ತೆ ಅದರ ಮೇಲೆ ಸುಳ್ಳು ಮುದ್ರೆ ಏಕೆ ಕೆತ್ತಬೇಕು? ತರ್ಕ ಕೂಡುವುದಿಲ್ಲ.

ತೆನೆರೆಗಾಳಿ:
ಚೆನ್ನಾಗಿಯೇ ಕೂಡುತ್ತದೆ. ಕೊಳ್ಳುವವನು ಮರುಭೂಮಿಯ ಸಂತೆಯಲ್ಲಿ ನಿಂತು ಕ್ಯಾಲಿಪರ್ ಹಿಡಿಯುತ್ತಾನೆಯೇ? ಅವನಿಗೆ ಚಂದ್ರ ಬೇಕು, ಪ್ರಾಣಿ ಬೇಕು. ಮುದ್ರೆಯಿಲ್ಲದ ಒಳ್ಳೆಯ ಅಲಗಿಗೆ ಇನಾದನ್ ಗುರುತು ಹಾಕಿಕೊಟ್ಟ. ಅದರಲ್ಲಿ ಮೋಸವೇನಿದೆ? ಅಲಗು ಒಳ್ಳೆಯದು ಎಂದು ಅವನೂ ಕಂಡುಕೊಂಡಿದ್ದ, ಅದನ್ನು ಎಲ್ಲರೂ ಓದಬಲ್ಲ ಗುರುತಿನಲ್ಲಿ ಬರೆದ.

ಮೂಡಣದವಳು:
ಹಿಡಿಗೆ ಚರ್ಮ, ಹಿತ್ತಾಳೆ ಸುತ್ತುವುದು ಅವರು ಕಬ್ಬಿಣ ಮುಟ್ಟಬಾರದು ಎಂಬ ಕಾರಣಕ್ಕಂತೆ, ನಿಜವೇ?

ತೆನೆರೆಗಾಳಿ:
ಕಬ್ಬಿಣದ ಬಗ್ಗೆ, ನಿರ್ಜನ ಜಾಗದ ಪ್ರೇತಗಳ ಬಗ್ಗೆ ಭಯ ಇರುವುದು ನಿಜ. ಉಳ್ಳ ಮನೆತನದವರು ಬರಿಗೈಯಿಂದ ಕಬ್ಬಿಣ ಮುಟ್ಟುತ್ತಿರಲಿಲ್ಲ ಎಂದು ಪುಸ್ತಕಗಳಲ್ಲಿ ಬರೆಯುತ್ತಾರೆ. ಆದರೆ ‘ಅಲ್ಲಾಗ್’ ಎಂಬ ಅವರ ಈಟಿ ಪೂರ್ತಿ ಕಬ್ಬಿಣದ್ದು. ಅದನ್ನು ಏನು ಮಾಡುವುದು? ಸುಡು ಬಿಸಿಲಿನ ನಾಡಿನಲ್ಲಿ ಚರ್ಮ ಸುತ್ತಲು ಬೇರೆ ಕಾರಣವೂ ಬೇಕಿಲ್ಲ. ಎರಡೂ ಇರಲಿ.

ರೋನ್‌ತೀರದವನು:
ಇನ್ನೊಂದು ಗುರುತು ಈಗ ಕಣ್ಣಿಗೆ ಬಿತ್ತು. ಅಡ್ಡಪಟ್ಟಿಯಿಂದ ಅಲಗಿನ ಮೇಲೆ ಇಳಿಯುವ ಚಿಕ್ಕ ಹಿತ್ತಾಳೆ ತಗಡಿನ ಅಂಚಿನಲ್ಲಿ ಅಚ್ಚೊತ್ತಿದ ಗುರುತೊಂದು ಅರ್ಧ ಇಣುಕುತ್ತಿದೆ. ಕಿರೀಟದ ಎರಡು ಮೊನೆಯಂತೆ ಕಾಣುತ್ತದೆ. ಗುಳಿಗಳು ಆ ಅಚ್ಚಿನೊಳಗೂ ಇವೆ. ಹಿಡಿ ಬಿಚ್ಚಿ ನೋಡಲೇ?

ಬೆಳಗಾವಿಮಿತ್ರ:
ಕಿರೀಟವೇ? ಹಾಗಾದರೆ ರಾಜನ ತಲೆ! ಜೋಲಿಂಗನ್‌ನ ವೈಯರ್ಸ್‌ಬರ್ಗ್ ಮನೆತನದ ಮುದ್ರೆ ಅದೇ. ಕಿರ್ಶ್‌ಬೌಮ್ ಮನೆತನದ್ದು ಶಿರಸ್ತ್ರಾಣ. 1883ರಲ್ಲಿ ಎರಡೂ ಕೂಡಿ ಒಂದೇ ಕಂಪನಿಯಾದವು. ಬಿಚ್ಚಿ ನೋಡಿದರೆ ಒಂದೇ ಏಟಿಗೆ ತೀರ್ಮಾನವಾಗುತ್ತದೆ.

ಶಸ್ತ್ರಶಾಲೆ:
ಬಿಚ್ಚಬೇಡಿ, ಬಿಚ್ಚಬೇಡಿ. ತಕೂಬಾದ ಹಿಡಿ ಸ್ಕ್ರೂ ಹಾಕಿದ್ದಲ್ಲ. ಮಡಿಸಿದ ತಗಡು, ಮೊಳೆ, ಹೊಲಿದ ಚರ್ಮ ಎಲ್ಲ ಒಂದರ ಮೇಲೊಂದು ಕೂತಿರುತ್ತವೆ. ಬಿಚ್ಚಿದರೆ ಅದು ಮತ್ತೆ ಮೊದಲಿನಂತೆ ಕೂರುವುದಿಲ್ಲ. ಒಂದು ಜರ್ಮನ್ ಅಚ್ಚು ನೋಡುವ ಆಸೆಗೆ ಒಬ್ಬ ಇನಾದನ್‌ನ ಪೂರ್ತಿ ಕೆಲಸವನ್ನು ಹಾಳುಮಾಡುವುದು ಯಾವ ನ್ಯಾಯ? ಎಕ್ಸ್-ರೇ ತೆಗೆಸಿದರೆ ಹಿಡಿಯೊಳಗೆ ಹೋಗಿರುವ ಅಲಗಿನ ಬಾಲ ಎಷ್ಟು ಉದ್ದ, ಎಲ್ಲಿ ಕತ್ತರಿಸಿ ಗಿಡ್ಡ ಮಾಡಿದ್ದಾರೆ, ಎಲ್ಲಿ ಮೊಳೆ ಹೊಡೆದಿದ್ದಾರೆ ಎಂಬುದೆಲ್ಲ ಕಾಣುತ್ತದೆ. ಅಚ್ಚು ಆಳವಾಗಿದ್ದರೆ ಅದೂ ಮಸುಕಾಗಿ ಕಾಣಬಹುದು.

ಎರಡು ಮೊನೆ ನೋಡಿ ವೈಯರ್ಸ್‌ಬರ್ಗ್ ಎನ್ನುವುದೂ ಅವಸರ. ಕಿರೀಟವಿರುವ ಮುದ್ರೆಗಳು ಯುರೋಪಿನಲ್ಲಿ ಬೇಕಾದಷ್ಟಿವೆ. ತೋಳದ ವಿಷಯದಲ್ಲಿ ಮಾರಿದವರು ಮಾಡಿದ್ದನ್ನೇ ನಾವು ಕಿರೀಟದ ವಿಷಯದಲ್ಲಿ ಮಾಡಬಾರದು.

ಬೆಳಗಾವಿಮಿತ್ರ:
ಬಿಚ್ಚುವುದು ಬೇಡ ಎಂಬುದನ್ನು ಒಪ್ಪಿದೆ. ಜೋಲಿಂಗನ್ ಎಂಬುದನ್ನು ಬಿಟ್ಟುಕೊಡುವುದಿಲ್ಲ. ಮೂರು ತೋಡು, ಸಾಣೆಯ ಕೆಲಸ, ಕಿರೀಟದ ಅಚ್ಚು, ಮೇಲಾಗಿ ಬಾರ್ತ್ ಹೇಳಿದ ವ್ಯಾಪಾರ. ಇನ್ನೇನು ಬೇಕು?

ಹಳೇನಾಣ್ಯ:
ಅಚ್ಚಿನೊಳಗೂ ಗುಳಿ ಇದೆ ಎಂಬುದು ಬಹಳ ಮುಖ್ಯ. ಆ ಅಚ್ಚು ಅಲಗಿನ ಜೊತೆಗೇ ಹಳತಾಗಿದೆ, ತೋಳದಂತೆ ಆಮೇಲೆ ಬಂದದ್ದಲ್ಲ. ನಾಣ್ಯಗಳಲ್ಲೂ ನಾವು ಹೀಗೆಯೇ ನೋಡುತ್ತೇವೆ, ಸವೆತದ ಕೆಳಗೆ ಇರುವುದು ಯಾವುದು, ಮೇಲೆ ಇರುವುದು ಯಾವುದು ಎಂದು. 18ನೆಯ ಶತಮಾನದ ಕೊನೆಯಿಂದ 19ನೆಯ ಶತಮಾನದ ನಡುವಿನವರೆಗೆ ಎಂದು ನಾನು ಬರೆದುಕೊಳ್ಳುತ್ತೇನೆ. ಊರಿನ ಜಾಗದಲ್ಲಿ ‘ಬಹುಶಃ ಜೋಲಿಂಗನ್’.

ಪ್ರಶ್ನೆಗಾರ:
ಅಂದರೆ 1500 ಅಲ್ಲ. ಹಣ ವಾಪಸು ಕೇಳಿ.

ತೆನೆರೆಗಾಳಿ:
ಏಕೆ ಕೇಳಬೇಕು? ಜರ್ಮನಿಯ ನೀರಿನಲ್ಲಿ ಸಾಣೆ ಹಿಡಿಸಿಕೊಂಡು, ಟ್ರಿಪೋಲಿಯ ಬಂದರು ದಾಟಿ, ಒಂಟೆಯ ಮೇಲೆ ಮರಳುಗಾಡು ಹಾದು, ಇನಾದನ್ ಕೈಯಲ್ಲಿ ಚಂದ್ರ, ತೋಳ, ಹಿಡಿ ಪಡೆದು, ಅವನ ಮನೆಯಾಕೆಯಿಂದ ಒರೆ ಹೊಲಿಸಿಕೊಂಡ ಕತ್ತಿ ಇದು. ಯಾರೋ ವೀರನದೆಂಬ ಕಟ್ಟುಕಥೆಗಿಂತ ಇದು ಎಷ್ಟೋ ಮೇಲು. ಅಲ್ಜೀರಿಯಾದ ಜಾನೆತ್ ಓಯಸಿಸ್‌ನ ಸೆಬೀಬಾ ಹಬ್ಬದಲ್ಲಿ ಇಂದಿಗೂ ಬಲಗೈಯಲ್ಲಿ ಕತ್ತಿ, ಎಡಗೈಯಲ್ಲಿ ವಸ್ತ್ರ ಹಿಡಿದು ಕುಣಿಯುತ್ತಾರೆ. 2014ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಅವಕಾಶ ಸಿಕ್ಕರೆ ಹೋಗಿ ನೋಡಿ ಬನ್ನಿ.

ರೋನ್‌ತೀರದವನು:
ಹಿಡಿಗೆ ಕೈ ಹಾಕುವುದಿಲ್ಲ. ಎಕ್ಸ್-ರೇ ತೆಗೆಯುವವರು ಇಲ್ಲಿ ಯಾರಾದರೂ ಇದ್ದಾರೆಯೇ ಎಂದು ವಿಚಾರಿಸುತ್ತೇನೆ, ಚಿತ್ರ ಸಿಕ್ಕ ಕೂಡಲೇ ಇಲ್ಲಿ ಹಾಕುತ್ತೇನೆ. ಅಲ್ಲಿಯವರೆಗೆ ಅಲಗಿನ ತುಕ್ಕಿಗೆ ಏನು ಮಾಡಲಿ?

ಕುಲುಮೆಬೆಂಕಿ:
ಮರಳು ಕಾಗದ ಮುಟ್ಟಿಸಬೇಡಿ, ಆಸಿಡ್ ಬೇಡವೇ ಬೇಡ. ಆ ಗುಳಿಗಳೇ ಈಗ ನಿಮ್ಮ ದಾಖಲೆ, ಉಜ್ಜಿದರೆ ಅಳಿಸಿಹೋಗುತ್ತವೆ. ಮೆತ್ತನೆಯ ಬಟ್ಟೆಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ತೆಳುವಾಗಿ ಸವರಿ ಒರೆಸಿ, ಚರ್ಮಕ್ಕೆ ಎಣ್ಣೆ ತಾಗದಿರಲಿ. ಕತ್ತಿಯನ್ನು ಒರೆಯೊಳಗೆ ಇಡಬೇಡಿ, ಹಳೆಯ ಚರ್ಮ ತೇವ ಹೀರಿ ಅಲಗಿಗೆ ತುಕ್ಕು ಹಿಡಿಸುತ್ತದೆ. ಎರಡನ್ನೂ ಬೇರೆ ಬೇರೆ ಇಡಿ.